ಎಂಜಿನಿಯರರ ಸಂದರ್ಶನ: ಒಂದು ವಿಮರ್ಶೆ

ವಿಮಾನ ಮತ್ತು ಬಾಹ್ಯಾಕಾಶ ಉದ್ಯಮಕ್ಕೆ ಯಂತ್ರಶಾಸ್ತ್ರದ ಎಂಜಿನಿಯರರನ್ನು ಆರಿಸುವ ಸಂದರ್ಶನಗಳಲ್ಲಿ, ಮತ್ತೆಮತ್ತೆ ಬೀಳುವ ಭಾರದಿಂದ ಲೋಹವು ಬಿರಿಯುವ ‘ದಣಿವ’ನ್ನು ಕುರಿತ ಪ್ರಶ್ನೆ ಸಾಮಾನ್ಯ. ಆದರೆ ಬಹುಮಟ್ಟಿಗೆ ಅದು ವ್ಯಾಖ್ಯೆಯನ್ನು ಕೇಳುವಲ್ಲಿಗೆ ಮುಗಿಯುತ್ತದೆ. ಇದನ್ನು ಸಣ್ಣ ಲೋಪವೆಂದು ನಾವು ಎಣಿಸಲಾರೆವು.

1954ರಲ್ಲಿ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲಿಯೇ ಒಡೆದು 56 ಜನ ಮಡಿದರು. ಅವುಗಳ ನಿರ್ಮಾಪಕರು ದಣಿವಿನ ಲಕ್ಷಣವನ್ನು ಅರಿಯದವರಲ್ಲ, ಪರೀಕ್ಷೆಯನ್ನೂ ನಡೆಸಿದ್ದರು. ಆದರೆ ಅದಕ್ಕೆ ಬಳಸಿದ ಒಡಲಭಾಗವು ಮೊದಲೇ ಅಧಿಕ ಒತ್ತಡಕ್ಕೆ ಒಳಗಾಗಿ, ಬಿರುಕಿಗೆ ಸುಲಭವಾಗಿ ಎಡೆಗೊಡದಂತಾಗಿತ್ತು. ಹಾರುವ ವಿಮಾನಗಳಿಗೆ ಅಷ್ಟು ರಕ್ಷೆ ಇರಲಿಲ್ಲ.

ಆದುದರಿಂದ ಅಭ್ಯರ್ಥಿಯನ್ನು ‘ದಣಿವೆಂದರೇನು?’ ಎನ್ನುವುದಕ್ಕಿಂತ ‘ಈ ಪರೀಕ್ಷೆಯ ಫಲವನ್ನು ನಂಬುವಿರಾ? ಏಕೆ?’ ಎಂದು ಕೇಳುವುದು ಲೇಸು. ಮೊದಲನೆಯದಕ್ಕೆ ಕಂಠಪಾಠ ಸಾಕು; ಎರಡನೆಯದಕ್ಕೆ ಸಂದೇಹಪಡಬಲ್ಲ ಬುದ್ಧಿ ಬೇಕು. ಪ್ರಯಾಣಿಕರ ಪ್ರಾಣವು ನಿಂತಿರುವುದು ಆ ಬುದ್ಧಿಯ ಮೇಲೆ.