ನಗೆಯ ಉತ್ತರಗಳೂ ನಮ್ಮ ಶಾಲೆಗಳೂ

ಪರೀಕ್ಷೆಗಳು ಮುಗಿದು ಉತ್ತರಪತ್ರಿಕೆಗಳ ಕಟ್ಟುಗಳು ಬಿಚ್ಚಿಕೊಂಡೊಡನೆ ಉಪಾಧ್ಯಾಯ ವರ್ಗದಲ್ಲಿ ಒಂದು ವಿನೋದವು ಆರಂಭವಾಗುತ್ತದೆ. ಮಕ್ಕಳು ಬರೆದ ನಗೆಯ ಉತ್ತರಗಳನ್ನು ಒಬ್ಬರಿಗೊಬ್ಬರು ಓದಿ ಹೇಳುವುದು, ಗುರುತು ಹಾಕಿಟ್ಟುಕೊಳ್ಳುವುದು, ಪತ್ರಿಕೆಗಳಿಗೆ ಕಳುಹಿಸುವುದು. ವಾಚಕರೇ, ತಾವೂ ಅವುಗಳನ್ನು ಓದಿ ನಕ್ಕಿರಬಹುದು. ಈ ಲೇಖಕನೂ ನಕ್ಕವನೇ. ನಕ್ಕು ಮುಗಿದ ಮೇಲೆ "ಇಂದಿನ ವಿದ್ಯಾಭ್ಯಾಸ ಯಾವ ಗತಿಗೆ ಬಂತು!" ಎಂದು ನಿಟ್ಟುಸಿರು ಬಿಡುವುದೂ ಸಂಪ್ರದಾಯವೇ ಆಗಿದೆ. ಆ ನಿಟ್ಟುಸಿರು ತಕ್ಕ ಸ್ಥಳದಲ್ಲಿ ಹೊರಡುತ್ತಿದೆಯೇ ಎಂದು ವಿಚಾರ ಮಾಡಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಇಂಥ ಸಂಗ್ರಹಗಳಲ್ಲಿ ಕೆಲವು ಉತ್ತರಗಳು ಮಕ್ಕಳ ಲೇಖನಿಯಿಂದ ಬಂದವಲ್ಲ, ಉಪಾಧ್ಯಾಯರ ಕೊಠಡಿಯಲ್ಲಿಯೇ ಜನಿಸಿದವು ಎಂಬ ಗುಮಾನಿ ನನಗುಂಟು. ಮತ್ತೆ ಕೆಲವು ಕೇವಲ ಅಜ್ಞಾನದ ಫಲ; ಅವುಗಳಿಗೆ ವಕಾಲತ್ತು ವಹಿಸುವ ಇಚ್ಛೆ ನನಗಿಲ್ಲ. ಉಳಿದವುಗಳ ಮಾತು ಬೇರೆ. ಕೋಲಾರ ಚಿನ್ನದ ಗಣಿ ಪ್ರದೇಶದ ಉರಿಗಾಂನಲ್ಲಿ ಪಾಠ ಹೇಳುತ್ತಿರುವ ಮಿತ್ರರೊಬ್ಬರು ತಮ್ಮ ನಗೆಸಂಗ್ರಹದ ನೋಟುಪುಸ್ತಕವನ್ನು ಒಮ್ಮೆ ನನ್ನ ಕೈಗಿತ್ತರು. ಅದರಿಂದ ಮೂರನ್ನು ಆಯ್ದು ಇಲ್ಲಿ ಕೊಡುತ್ತೇನೆ.

"ಕರ್ನಾಟಕದಲ್ಲಿ ಚಿನ್ನವು ಎಲ್ಲಿ ದೊರೆಯುತ್ತದೆ?" ಎಂಬ ಪ್ರಶ್ನೆಗೆ ಬಾಲಕನೊಬ್ಬನ ಉತ್ತರ: "ಸೇಟು ಅಂಗಡಿಯಲ್ಲಿ. ನಮ್ಮ ಅಮ್ಮನ ಬಳೆ ಅಲ್ಲೇ ಇದೆ." ಇದಕ್ಕೆ ಸೊನ್ನೆ. ಪಕ್ಕದಲ್ಲಿ ಕುಳಿತವನು "ಕೋಲಾರದಲ್ಲಿ" ಎಂದು ಬರೆದು ಪೂರ್ಣ ಅಂಕ ಪಡೆದ. ಈಗ ಯೋಚಿಸಿರಿ. 1880ರಿಂದ ಜಾನ್ ಟೇಲರ್ ಕಂಪನಿಯವರು ನಡೆಸಿದ, ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದ ಆ ಗಣಿಗಳು ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ಕೈಯಲ್ಲಿದ್ದಾಗ, 2001ರ ಫೆಬ್ರವರಿ 28ರಂದು ಮುಚ್ಚಿದವು. ಈ ಇಬ್ಬರು ಬಾಲಕರೂ ಅದಾದ ಎಷ್ಟೋ ವರ್ಷಗಳ ಮೇಲೆ ಹುಟ್ಟಿದವರು. ಇಂದು ನಾಡಿನಲ್ಲಿ ಚಿನ್ನ ತೆಗೆಯುತ್ತಿರುವುದು ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ. ಅಂದಮೇಲೆ ಪೂರ್ಣ ಅಂಕದ ಉತ್ತರವು ಹಳೆಯ ನೋಟ್ಸಿನ ಪ್ರತಿಧ್ವನಿಯಾಯಿತು. ಸೊನ್ನೆ ಪಡೆದವನು ಕಣ್ಣಾರೆ ಕಂಡದ್ದನ್ನು ಬರೆದ. ಕೆಲಸ ಹೋದ ಊರಿನಲ್ಲಿ ತಾಯಂದಿರ ಬಳೆಗಳು ಎಲ್ಲಿಗೆ ಹೋಗುತ್ತವೆಂಬುದನ್ನು ಅವನಿಗೆ ಯಾವ ಪಠ್ಯಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ.

ಎರಡನೆಯದು: "ಬೆಟ್ಟಗಳು ಹೇಗೆ ಉಂಟಾಗುತ್ತವೆ?" ಉತ್ತರ: "ತಾತಂದಿರು ಭೂಮಿಯೊಳಗಿನಿಂದ ಮಣ್ಣು ತಂದು ಹಾಕಿದರೆ ಉಂಟಾಗುತ್ತವೆ." ಉರಿಗಾಂ, ಮಾರಿಕುಪ್ಪಂ, ಚಾಂಪಿಯನ್ ರೀಫ್ ಕಡೆಗೆ ಹೋಗಿಬಂದವರು ಇದನ್ನು ಓದಿ ನಗಲಾರರು. ಅಲ್ಲಿ ಕಣ್ಣಿಗೆ ಬೀಳುವ ಬೂದುಬಣ್ಣದ ದೊಡ್ಡ ಗುಡ್ಡಗಳು ಅದಿರನ್ನು ಪುಡಿಮಾಡಿ, ಸೈನೈಡಿನಿಂದ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣಿನವು. ಜನ ಅವುಗಳನ್ನು ಕರೆಯುವುದೇ ಸೈನೈಡ್ ಗುಡ್ಡ ಎಂದು. ಬೇಸಗೆಯಲ್ಲಿ ಗಾಳಿ ಎದ್ದರೆ ಆ ಪುಡಿ ಮನೆಯೊಳಗಿನ ಅನ್ನದ ತಟ್ಟೆಯವರೆಗೂ ಬರುತ್ತದೆ. ಭೂಗೋಳಶಾಸ್ತ್ರದ ದೃಷ್ಟಿಯಿಂದ ಬಾಲಕನ ಉತ್ತರ ತಪ್ಪು, ಒಪ್ಪೋಣ. ಆದರೆ ಬೆಟ್ಟ ಮತ್ತು ದಿಬ್ಬಗಳ ಭೇದವನ್ನು ಬೋಧಿಸಲು ಕಿಟಕಿಯ ಹೊರಗೇ ಇದ್ದ ಸಾಧನವನ್ನು ಬಿಟ್ಟು ಹಿಮಾಲಯದಿಂದ ಪಾಠವನ್ನು ಆರಂಭಿಸಿದ್ದು ಯಾರ ತಪ್ಪು?

ಮೂರನೆಯದು ನನಗೆ ಅತ್ಯಂತ ಪ್ರಿಯವಾದದ್ದು. "ಹಳ್ಳಿ ಎಂದರೇನು?" ಬಾಲಕಿ ಬರೆದಳು: "ಮಕ್ಕಳು ಓದುವ ಜಾಗ." ಮಿತ್ರರು ಇದರ ಪಕ್ಕದಲ್ಲಿ ಆಶ್ಚರ್ಯಚಿಹ್ನೆ ಹಾಕಿದ್ದರು. ಗಣಿಯ ಲೈನ್ ಮನೆಗಳಲ್ಲಿ ತಮಿಳು, ತೆಲುಗು, ಉರ್ದು, ಕನ್ನಡಗಳು ಗೋಡೆಗೆ ಗೋಡೆ ಹತ್ತಿಕೊಂಡೇ ಇವೆ. ಈ ಬಾಲಕಿಯ ಮನೆಮಾತು ತಮಿಳು. ಅಲ್ಲಿಯ ಪಾಲ್ ಇಲ್ಲಿ ಹಾಲು, ಪಲ್ ಎಂಬುದು ಹಲ್ಲು, ಪುಲಿ ಎಂಬುದು ಹುಲಿ. ಹಾಗಾದರೆ ಶಾಲೆ ಎಂಬ ಅರ್ಥದ ಪಳ್ಳಿ ಕನ್ನಡದಲ್ಲಿ ಹಳ್ಳಿಯೇ ಆಗಬೇಕಲ್ಲ! ಹಳಗನ್ನಡದ ಪಕಾರವು ಮುಂದೆ ಹಕಾರವಾಯಿತೆಂಬ, ಪಂಡಿತರು ಬಿ.ಎ. ತರಗತಿಯಲ್ಲಿ ಬೋಧಿಸುವ ನಿಯಮವನ್ನು ಈ ಮಗು ಯಾರ ಸಹಾಯವೂ ಇಲ್ಲದೆ ಕಂಡುಕೊಂಡಿತ್ತು. ಎರಡು ಶಬ್ದಗಳ ಮೂಲವೂ ಒಂದೇ. ಅರ್ಥ ಮಾತ್ರ ಕವಲೊಡೆದಿದೆ. ಇಂಥ ಬುದ್ಧಿಗೆ ಕೆಂಪು ಶಾಯಿಯ ಗೀಟು!

ನಗೆಯ ಉತ್ತರ ಬರೆದವರು ಯೋಚಿಸಿದವರು. ಯೋಚಿಸದೆಯೇ ಬರೆದ ಸರಿಯುತ್ತರಗಳು ನಮಗೆ ನಗೆಯನ್ನೂ ತರಿಸುವುದಿಲ್ಲ, ಚಿಂತೆಯನ್ನೂ ತರಿಸುವುದಿಲ್ಲ. 2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾ ಇಟ್ಟು ವೆಬ್‌ಕಾಸ್ಟಿಂಗ್ ಮೂಲಕ ಕಾವಲು ಕಾದರು. ಹಿಂದಿನ ವರ್ಷ ಶೇಕಡಾ 83.89 ಇದ್ದ ಫಲಿತಾಂಶ ಶೇಕಡಾ 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಅರ್ಹತೆಯನ್ನು ಶೇಕಡಾ 35ರಿಂದ 25ಕ್ಕೆ ತಗ್ಗಿಸಿ, ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ! ಹಿಂದಿನ ವರ್ಷಗಳ ಸರಿಯುತ್ತರಗಳಲ್ಲಿ ಎಷ್ಟು ಆಯಾ ಮಕ್ಕಳ ಸ್ವಂತದವು ಎಂದು ಯಾವ ನಗೆಸಂಗ್ರಾಹಕನೂ ಲೆಕ್ಕವಿಟ್ಟಿಲ್ಲ. ಅಚ್ಚುಕಟ್ಟಾಗಿ ನಕಲಾದ ಉತ್ತರದಲ್ಲಿ ಹಾಸ್ಯವೆಲ್ಲಿಂದ ಬರಬೇಕು?

ನಗುವುದೇ ಬೇಡವೆನ್ನುವಷ್ಟು ಬಿಗುಮಾನ ನನ್ನದಲ್ಲ. ಬಿ.ಜಿ.ಎಲ್. ಸ್ವಾಮಿಯವರು 'ಕಾಲೇಜು ರಂಗ'ದಲ್ಲಿ ವಿದ್ಯಾಸಂಸ್ಥೆಯನ್ನು ಕುರಿತು ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದಾರೆ. 1976ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವನ್ನಾಗಿಯೂ ಮಾಡಿದರು. ಅಲ್ಲಿ ನಗೆಗೆ ಗುರಿಯಾದವರು ಪೀಠದ ಮೇಲೆ ಕುಳಿತವರು. ನಮ್ಮ ಸಂಗ್ರಹಗಳಲ್ಲಿ ಬೆಂಚಿನ ಮೇಲೆ ಕುಳಿತವರು.

ಆ ನೋಟುಪುಸ್ತಕದ ಕೊನೆಯ ಪುಟಗಳಲ್ಲಿ ಪ್ರಶ್ನೆಗೆ ಸಂಬಂಧವೇ ಇಲ್ಲದ ಬಿನ್ನಹಗಳೂ ಇದ್ದವು. "ಸಾರ್, ದಯವಿಟ್ಟು ಪಾಸು ಮಾಡಿ, ಫೇಲಾದರೆ ನನಗೆ ಮದುವೆ ಮಾಡಿಬಿಡುತ್ತಾರೆ." ಇಂಥವನ್ನೂ ನಗೆಯ ಸಾಲಿಗೆ ಸೇರಿಸುವ ವಾಡಿಕೆಯುಂಟು. ಮನೆಯ ಪಾಠವನ್ನು ನೋಡುವವರು ಯಾರು? ಗಣಿ ಮುಚ್ಚಿದಂದಿನಿಂದ ಆ ಊರಿನ ಸಾವಿರಾರು ಜನ ಮುಂಜಾವದ ಕತ್ತಲಲ್ಲೇ ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಕೂಲಿನೌಕರಿಗೆ ಹೋಗುತ್ತಾರೆ. ಮರಳುವ ವೇಳೆಗೆ ಮಕ್ಕಳು ಮಲಗಿರುತ್ತಾರೆ.

ನೋಟುಪುಸ್ತಕವನ್ನು ಹಿಂದಿರುಗಿಸುವಾಗ ಇಷ್ಟನ್ನೂ ಮಿತ್ರರಿಗೆ ಹೇಳಿದೆ. ಸ್ವಲ್ಪ ಹೊತ್ತು ಮುನಿಸಿಕೊಂಡಂತೆ ಕಂಡರು. ತಿಂಗಳು ಕಳೆದ ಮೇಲೆ ಕಾಗದ ಬಂತು: ತರಗತಿಯನ್ನು ಗುಡ್ಡದ ಬಳಿಗೆ ಕರೆದೊಯ್ದಿದ್ದರಂತೆ, ಕಿರುಪರೀಕ್ಷೆಗೆ "ನಮ್ಮ ಊರಿನ ಗುಡ್ಡವು ಬೆಟ್ಟವಲ್ಲ, ಏಕೆ?" ಎಂಬ ಪ್ರಶ್ನೆಯನ್ನು ಕೊಟ್ಟಿದ್ದಾರಂತೆ. ಉತ್ತರಗಳನ್ನು ಕಳುಹಿಸುವುದಾಗಿ ಬರೆದಿದ್ದಾರೆ. ಅವು ಇನ್ನೂ ನನ್ನ ಕೈಸೇರಿಲ್ಲ.