ಎನೇಬಲ್ ಒತ್ತುವ ಮೊದಲು

ಬೆಂಗಳೂರಿನ ಹೊರಮಾವು ಮುಖ್ಯರಸ್ತೆಯ ಯಾವುದಾದರೂ ಜೆರಾಕ್ಸ್ ಅಂಗಡಿಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಇ-ಖಾತಾಗೆ ಬೇಕಾದ ಕ್ರಯಪತ್ರ, ಬಾಡಿಗೆ ಕರಾರು, ಕೆಲಸದ ಅರ್ಜಿ ಎಲ್ಲವೂ ಯಾರ್ಯಾರದೋ ಪೆನ್‌ಡ್ರೈವ್‌ನಿಂದ ಒಂದೇ ಕಂಪ್ಯೂಟರಿಗೆ ಇಳಿಯುತ್ತವೆ. ಕಡತದಲ್ಲಿ ಅಡಗಿದ ದುಷ್ಟ ಕೋಡ್ ಪತ್ತೆ ಮಾಡುವ ಉಪಕರಣಗಳಿಗೆ ನಿಜವಾದ ಪರೀಕ್ಷೆ ಇಲ್ಲಿದೆ, ಪ್ರಯೋಗಾಲಯದಲ್ಲಲ್ಲ.

ಉಪಕರಣಗಳೇನೂ ಕಳಪೆಯಲ್ಲ. ಫಿಲಿಪ್ ಲಗಾಡೆಕ್ ರೂಪಿಸಿದ ಓಲೆವಿಬಿಎ ಉಚಿತವಾಗಿ ಸಿಗುತ್ತದೆ. ವರ್ಡ್, ಎಕ್ಸೆಲ್ ಕಡತಗಳನ್ನು ಆಫೀಸ್‌ನಲ್ಲಿ ತೆರೆಯದೆಯೇ ಒಳಗಿನ ಮ್ಯಾಕ್ರೋವನ್ನು, ಅಂದರೆ ಕಡತದಲ್ಲೇ ಹುದುಗಿದ ಪುಟ್ಟ ಪ್ರೋಗ್ರಾಂ ಅನ್ನು, ಅದು ಹೊರಗೆಳೆದು ತೋರಿಸುತ್ತದೆ. ಕಡತ ತೆರೆದ ಕೂಡಲೇ ತಾನಾಗಿ ಓಡುವ ‘ಆಟೋಓಪನ್’, ಹೊರಗಿನ ಪ್ರೋಗ್ರಾಂ ನಡೆಸುವ ‘ಶೆಲ್’, ಈ ಎರಡೂ ಒಟ್ಟಿಗೆ ಕಂಡರೆ ಆ ಕಡತದ ಸಹವಾಸವೇ ಬೇಡ. ಉಪಕರಣ ಇಲ್ಲದವರಿಗೂ ದಾರಿಯಿದೆ. ಹೊಸ ಮಾದರಿಯ ವರ್ಡ್ ಕಡತ ಅಸಲಿಗೆ ಒಂದು ಜಿಪ್ ಕಟ್ಟು. ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ ಬಿಚ್ಚಿದಾಗ ‘ವಿಬಿಎಪ್ರಾಜೆಕ್ಟ್.ಬಿನ್’ ಸಿಕ್ಕಿತೆಂದರೆ ಮ್ಯಾಕ್ರೋ ಇದೆ ಎಂದೇ ಅರ್ಥ. ಪಿಡಿಎಫ್‌ಗೆ ಡಿಡಿಯೆ ಸ್ಟೀವನ್ಸ್ ಬರೆದ ಪಿಡಿಎಫ್‌ಐಡಿ ಇದೆ; ಜಾವಾಸ್ಕ್ರಿಪ್ಟ್, ಓಪನ್‌ಆಕ್ಷನ್ ಮುಂತಾದ ಗುರುತುಪದಗಳು ಎಷ್ಟಿವೆ ಎಂದು ಎಣಿಸಿ ಹೇಳುತ್ತದೆ.

ಆದರೆ ಇವು ಹಿಡಿಯುವುದು ಲಕ್ಷಣವನ್ನು, ಉದ್ದೇಶವನ್ನಲ್ಲ. 2022ರ ಮೇ ತಿಂಗಳಲ್ಲಿ ಬಯಲಾದ ಫೊಲಿನಾ ಎಂಬ ಭದ್ರತಾ ಲೋಪದ ದಾಳಿಗೆ ಮ್ಯಾಕ್ರೋ ಬೇಕೇ ಇರಲಿಲ್ಲ. ವರ್ಡ್ ಕಡತದೊಳಗಿನ ಒಂದು ಹೊರಕೊಂಡಿಯೇ ಸಾಕಾಗಿತ್ತು. ಅತ್ತ, ಪ್ರಾಮಾಣಿಕ ಲೆಕ್ಕಪತ್ರದ ಎಕ್ಸೆಲ್‌ನಲ್ಲೂ ತಾನಾಗಿ ಓಡುವ ಮ್ಯಾಕ್ರೋ ಇರಬಹುದು. ದುಷ್ಟ ಮ್ಯಾಕ್ರೋ ಇರಲಿ, ಪ್ರಾಮಾಣಿಕ ಮ್ಯಾಕ್ರೋ ಇರಲಿ, ಓಲೆವಿಬಿಎ ಎರಡಕ್ಕೂ ಎಚ್ಚರಿಕೆ ಕೊಡುತ್ತದೆ. ತೀರ್ಮಾನ ಓದುವವರದ್ದು, ಅಂಗಡಿಯ ಹುಡುಗನಿಗೆ ಅಷ್ಟು ವ್ಯವಧಾನವಿಲ್ಲ.

ಹಾಗಾಗಿ ನನ್ನ ಮಟ್ಟಿಗೆ ಪತ್ತೆಗಿಂತ ತಡೆಯೇ ಮೇಲು. ಇಂಟರ್ನೆಟ್‌ನಿಂದ ಬಂದ ಕಡತದ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ತಾನಾಗಿಯೇ ತಡೆಯತೊಡಗಿದ್ದು 2022ರಲ್ಲಿ. ವರ್ಡ್ ಕಡತದ ಮ್ಯಾಕ್ರೋ ಬೆನ್ನೇರಿ ಮೆಲಿಸ್ಸಾ ವೈರಸ್ ಇಮೇಲ್ ಸರ್ವರ್‌ಗಳನ್ನು ಮುಳುಗಿಸಿದ್ದು 1999ರ ಮಾರ್ಚ್‌ನಲ್ಲಿ. ಇಪ್ಪತ್ಮೂರು ವರ್ಷದ ವಿಳಂಬಕ್ಕೆ ಕ್ಷಮೆಯಿಲ್ಲ, ಆದರೂ ಕ್ರಮ ಸರಿಯಾದದ್ದೇ. ಹೊರಮಾವಿನ ಅಂಗಡಿಗೆ ಅದರ ಫಲ ಅರ್ಧವೇ ಸಿಗುತ್ತದೆ. ‘ಇದು ಇಂಟರ್ನೆಟ್‌ನಿಂದ ಬಂದದ್ದು’ ಎಂಬ ಗುರುತನ್ನು ವಿಂಡೋಸ್ ಕಡತದ ಜೊತೆಗೆ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಇಡುತ್ತದೆ. ಸಾಮಾನ್ಯ ಪೆನ್‌ಡ್ರೈವ್‌ಗಳು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಮಾದರಿಯವು, ಅವುಗಳಲ್ಲಿ ಈ ಗುರುತಿಗೆ ಜಾಗವಿಲ್ಲ. ಅಲ್ಲಿಗೆ ನಕಲಾದ ಕ್ಷಣ ಗುರುತು ಅಳಿಸಿಹೋಗುತ್ತದೆ, ತಡೆಯೂ ಹೋಗುತ್ತದೆ. ಉಳಿಯುವುದು ಹಳದಿ ಪಟ್ಟಿ ಮತ್ತು ‘ಎನೇಬಲ್ ಕಂಟೆಂಟ್’ ಗುಂಡಿ.

ಆ ಗುಂಡಿ ಒತ್ತುವ ಅಭ್ಯಾಸ ಮಾಡಿಸಿದವರು ಯಾರು? ಆದಾಯ ತೆರಿಗೆ ರಿಟರ್ನ್‌ನ ಎಕ್ಸೆಲ್ ಯುಟಿಲಿಟಿ ಮ್ಯಾಕ್ರೋ ಇಲ್ಲದೆ ನಡೆಯುವುದಿಲ್ಲ. ಜಿಎಸ್‌ಟಿಆರ್-9ರ ಆಫ್‌ಲೈನ್ ಎಕ್ಸೆಲ್ ಸಹ ಹಾಗೆಯೇ; ಮ್ಯಾಕ್ರೋ ಎನೇಬಲ್ ಮಾಡಿ ಎಂದು ಸೂಚನೆಯೇ ಹೇಳುತ್ತದೆ. ಒಂದು ಕಡೆ ಎನೇಬಲ್ ಒತ್ತಬೇಡಿ ಎಂಬ ಜಾಗೃತಿ ಪ್ರಚಾರ, ಇನ್ನೊಂದು ಕಡೆ ಒತ್ತದಿದ್ದರೆ ಮುಂದೆ ಸಾಗದ ಸರ್ಕಾರಿ ನಮೂನೆ. ವರ್ಷವರ್ಷವೂ ಹೀಗೆ ಪಳಗಿದ ಕೈ, ನಕಲಿ ಇನ್‌ವಾಯ್ಸ್ ಬಂದಾಗ ತಡೆದು ನಿಲ್ಲಬೇಕೆಂದು ನಿರೀಕ್ಷಿಸುವುದು ಅನ್ಯಾಯ.

ತೆರಿಗೆ ಇಲಾಖೆಗಳು ಮ್ಯಾಕ್ರೋ ಬೇಡದ ನಮೂನೆಗಳನ್ನಷ್ಟೇ ಉಳಿಸಿಕೊಳ್ಳಲಿ. ಅಲ್ಲಿಯವರೆಗೆ ಅಂಗಡಿಯವರು ಗ್ರಾಹಕರ ಕಡತ ತೆರೆಯುವ ಕಂಪ್ಯೂಟರಿನಲ್ಲಿ ಆಫೀಸ್‌ನ ಟ್ರಸ್ಟ್ ಸೆಂಟರ್‌ಗೆ ಹೋಗಿ ಮ್ಯಾಕ್ರೋಗಳನ್ನು ಪೂರ್ತಿ ಬಂದ್ ಮಾಡಿ, ರಿಟರ್ನ್ ಕೆಲಸಕ್ಕೆ ಬೇರೆ ಕಂಪ್ಯೂಟರ್ ಇಟ್ಟುಕೊಳ್ಳಲಿ.