ಎಕೋದ ಹದ

ತುರ್ವಿಹಾಳ, ಸಿಂಧನೂರು, ಮಸ್ಕಿ ಸೀಮೆಯ ಭಜನೆಗಳಲ್ಲಿ ತತ್ವಪದ ಏಳುವ ಮೊದಲು ಮೈಕಿನವನಿಗೆ ಒಂದು ಕೂಗು ಬೀಳುತ್ತದೆ: ‘ಸ್ವಲ್ಪ ಎಕೋ ಹಚ್ಚಪಾ!’ ಗುಂಡಿ ತಿರುವಿದ್ದೇ ತಡ, ಬಯಲಲ್ಲಿ ಕೂತವನ ದನಿ ಕಲ್ಲುಮಂಟಪದೊಳಗಿಂದ ಬಂದಂತೆ ತುಂಬಿಕೊಳ್ಳುತ್ತದೆ.

ಇದರ ಹಿಂದಿರುವುದು ಸರಳ ಲೆಕ್ಕ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ; 17 ಮೀಟರ್ ದೂರದ ಗೋಡೆಗೆ ಬಡಿದು ಮರಳಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಗೋಡೆಯಿಲ್ಲದೆ ಆ ತಡವನ್ನು ಹುಟ್ಟಿಸುವುದೇ ಯಂತ್ರದ ಜಾಣ್ಮೆ. 1950ರ ದಶಕದಲ್ಲಿ ಟೇಪ್ ರೆಕಾರ್ಡರಿನ ಎರಡು ಹೆಡ್‌ಗಳ ನಡುವಿನ ಅಂತರ ಆ ಕೆಲಸ ಮಾಡುತ್ತಿತ್ತು. ಈಗ ಪುಟ್ಟ ಚಿಪ್ ಸಾಕು.

ಸ್ಟುಡಿಯೋದಲ್ಲಿ ಈ ಕಸುಬು ಇನ್ನೂ ನಯ. ಕಂಪ್ರೆಸರ್ ಏರುದನಿಯನ್ನು ತಗ್ಗಿಸಿ ಮೆಲುದನಿಯನ್ನು ಮುಂದೆ ತರುತ್ತದೆ. ಈಕ್ವಲೈಜರ್ ಗುಂಯ್‌ಗುಡುವಿಕೆ ಕಳೆಯುತ್ತದೆ. ರಿವರ್ಬ್ ದನಿಗೆ ಜಾಗ ಕೊಡುತ್ತದೆ. 1997ರಲ್ಲಿ ಬಂದ ಆಟೋಟ್ಯೂನ್ ಶ್ರುತಿ ತಪ್ಪಿದ ಸ್ವರವನ್ನೂ ಎಳೆದು ಕೂರಿಸುತ್ತದೆ. ಆದರೆ ತತ್ವಪದಕಾರರ ಎಳೆತ, ಜಾರುಗಳನ್ನು ಹಾಗೆ ನೆಟ್ಟಗೆ ಮಾಡಿದರೆ ಪದವೇ ಸಪ್ಪೆ.

ತತ್ವಪದಕ್ಕೆ ನುಡಿಯ ಅರ್ಥವೇ ಜೀವಾಳ. ಎಕೋ ಮಿತಿಮೀರಿದರೆ ಮಾತಿನ ಮೇಲೆ ಮಾತು ಬಿದ್ದು ಕಲಸಿಹೋಗುತ್ತದೆ. ಕೆಲಸ ಬಲ್ಲ ಮೈಕಿನವನು ಸಾಲಿನುದ್ದಕ್ಕೂ ಅದನ್ನು ಅಡಗಿಸಿಟ್ಟು, ಕೊನೆಯ ಅಕ್ಷರಕ್ಕೆ ಮಾತ್ರ ಗುಂಡಿ ಏರಿಸುತ್ತಾನೆ. ಅವನ ಕೈಚಳಕ ಕೇಳುವವರ ಗಮನಕ್ಕೇ ಬರುವುದಿಲ್ಲ. ಹಾಡಿದವನಿಗೆ ಮಾತ್ರ ಭೇಷ್ ಸಿಗುತ್ತದೆ.